ಓದುಗರ ಪ್ರಶ್ನೆ: ಬಾಸ್ಟನ್ ಪಕ್ಕದ ಹಳೇ ಗಿರಣಿ ಊರಲ್ಲಿ ನೋಡುವುದೇನಿದೆ?

ಪ್ರಶ್ನೆ: ಮಗಳ ಮನೆಗೆಂದು ನಾವಿಬ್ಬರೂ ಮೂರು ತಿಂಗಳು ಅಮೆರಿಕದ ಬಾಸ್ಟನ್‌ನಲ್ಲಿ ಇರುತ್ತೇವೆ. ಹತ್ತಿರದಲ್ಲೇ ಲೋವೆಲ್ ಅಂತ ಬಟ್ಟೆ ಗಿರಣಿಗಳ ಊರಿದೆಯಂತೆ. ಗಿರಣಿಗಳೆಲ್ಲ ಮುಚ್ಚಿ ಎಷ್ಟೋ ಕಾಲವಾಯಿತು ಅನ್ನುತ್ತಾರೆ. ಒಂದು ದಿನ ಖರ್ಚು ಮಾಡುವಷ್ಟು ಅಲ್ಲಿ ಏನಿದೆ? ನಮಗೆ ಕಾರು ಓಡಿಸಲು ಬರುವುದಿಲ್ಲ. ನಮ್ಮ ಮನೆಯವರಿಗೆ ಮಂಡಿ ನೋವು ಬೇರೆ.

ಉತ್ತರ: ಹೋಗಿ ಬನ್ನಿ. ನಾನು ಇಪ್ಪತ್ತೆಂಟು ವರ್ಷ ಗಿರಣಿಯ ನೇಯ್ಗೆ ವಿಭಾಗದಲ್ಲಿ ದುಡಿದವನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಕಾರು ಬೇಡವೇ ಬೇಡ. ಬಾಸ್ಟನ್‌ನ ನಾರ್ತ್ ಸ್ಟೇಷನ್‌ನಿಂದ ನೇರ ರೈಲಿದೆ. ಸುಮಾರು 40 ಕಿಲೋಮೀಟರ್, ಮುಕ್ಕಾಲು ಗಂಟೆಯ ದಾರಿ. ಲೋವೆಲ್ಲೇ ಕೊನೆಯ ನಿಲ್ದಾಣ, ನಿದ್ದೆ ಹತ್ತಿದರೂ ಭಯವಿಲ್ಲ. ಸ್ಟೇಷನ್ನಿನಿಂದ ಹಳೇ ಪೇಟೆ ಒಂದೂವರೆ ಕಿಲೋಮೀಟರ್ ಆಗುತ್ತದೆ. ಮಂಡಿ ನೋವಿದ್ದರೆ ಬಸ್ ಹಿಡಿಯಿರಿ. ಬೇಸಿಗೆಯಲ್ಲೇ ಹೋಗುವುದು ಒಳ್ಳೆಯದು. ಕಾಲುವೆಯ ದೋಣಿ, ಹಳೇ ಕಾಲದ ಟ್ರಾಮ್ ಎರಡೂ ಚಳಿಗಾಲದಲ್ಲಿ ನಿಂತಿರುತ್ತವೆ. ಮೊದಲ ಸಲ ನಾನು ಮಾರ್ಚ್‌ನಲ್ಲಿ ಹೋಗಿ, ಗಾಳಿಗೆ ಕಿವಿ ಮುಚ್ಚಿಕೊಂಡು ಊರೆಲ್ಲ ನಡೆದೆ.

ಊರಿಗೆ ಹೆಸರು ಬಂದಿದ್ದು ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ವ್ಯಾಪಾರಿಯಿಂದ. ಆಗ ಬ್ರಿಟನ್ನಿನಿಂದ ಯಂತ್ರವನ್ನಾಗಲೀ ಅದರ ನಕ್ಷೆಯನ್ನಾಗಲೀ ಹೊರಗೆ ಒಯ್ಯುವಂತಿರಲಿಲ್ಲ. ಈತ ಅಲ್ಲಿನ ಗಿರಣಿಗಳನ್ನು ಸುತ್ತಿ, ಯಂತ್ರ ಮಗ್ಗ ಹೇಗಿದೆ ಅಂತ ತಲೆಯಲ್ಲೇ ಇಟ್ಟುಕೊಂಡು 1812ರಲ್ಲಿ ಮರಳಿದ. ನಮ್ಮ ಮಾತಿನಲ್ಲಿ ಕದ್ದ ಅಂತಲೇ ಅನ್ನಬೇಕು, ಅಲ್ವಾ? ಆದರೆ ತನ್ನ ಹೆಸರಿನ ಊರನ್ನು ಅವನು ನೋಡಲೇ ಇಲ್ಲ. 1817ರಲ್ಲಿ ತೀರಿಕೊಂಡ. ಮೆರಿಮ್ಯಾಕ್ ನದಿ ಸುಮಾರು 32 ಅಡಿ ಧುಮುಕುವ ಜಾಗ ನೋಡಿ ಅವನ ಜೊತೆಗಾರರು ಗಿರಣಿ ಕಟ್ಟಿದರು. ಆ ನೀರನ್ನು ಹಂಚಲು ಊರೊಳಗೆ ಒಂಬತ್ತು ಕಿಲೋಮೀಟರಿನಷ್ಟು ಕಾಲುವೆ ತೋಡಿದರು. ಈಗಲೂ ಇಟ್ಟಿಗೆ ಗೋಡೆಗಳ ನಡುವೆ ಅವು ಹರಿಯುತ್ತವೆ.

ಬೇರೆಲ್ಲ ಬಿಟ್ಟರೂ ಬೂಟ್ ಎಂಬ ಹೆಸರಿನ ಹಳೇ ಬಟ್ಟೆ ಗಿರಣಿಯ ಮ್ಯೂಸಿಯಂ ಬಿಡಬೇಡಿ. ಕೆಳಮಹಡಿಯಲ್ಲಿ 88 ಮಗ್ಗಗಳು ಸಾಲಾಗಿ ನಿಂತಿವೆ. ಮೇಲೆ ಉದ್ದದ ಕಬ್ಬಿಣದ ದಂಡ, ಅದರಿಂದ ಪ್ರತಿ ಮಗ್ಗಕ್ಕೂ ಇಳಿಬಿಟ್ಟ ಬೆಲ್ಟು. ಎಲ್ಲವನ್ನೂ ಒಟ್ಟಿಗೆ ಓಡಿಸುವುದಿಲ್ಲ, ನಾನು ಹೋದಾಗ ಏಳೆಂಟು ಓಡುತ್ತಿದ್ದವು. ಕಿವಿಗೆ ತುರುಕಿಕೊಳ್ಳಲು ಬಿರಡೆ ಕೊಡುತ್ತಾರೆ. ನಾನು ಹಾಕಿಕೊಳ್ಳಲಿಲ್ಲ. ಅಡ್ಡ ನೂಲನ್ನು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿ ಟಪ್ಪನೆ ಬಡಿದ ಮೊದಲ ಸದ್ದಿಗೇ ನನ್ನ ಕಾಲಡಿಯ ನೆಲ ನಡುಗಿತು, ಕೈ ತಾನಾಗಿ ಉದ್ದಕ್ಕೆ ಬಿಗಿದ ಹಾಸು ನೂಲಿನ ಕಡೆ ಹೋಯಿತು. ಪಕ್ಕದಲ್ಲಿದ್ದ ಮೊಮ್ಮಗ ಏನೋ ಕೇಳಿದ. ನಾನು ಸನ್ನೆಯಲ್ಲೇ ಉತ್ತರ ಕೊಟ್ಟೆ. ಮಗ್ಗದ ಮನೆಯಲ್ಲಿ ಮಾತಾಡುವ ಭಾಷೆ ಅದೇ. ಹತ್ತು ನಿಮಿಷವಾದರೂ ಸುಮ್ನೆ ನಿಂತುಕೊಳ್ಳಿ. ಏಳೆಂಟಕ್ಕೇ ಹೀಗಾದರೆ ಎಲ್ಲವೂ ಓಡಿದಾಗ ಹೇಗಿತ್ತು ಅಂತ ಅಂದಾಜಾಗುತ್ತದೆ.

ಪ್ರಶ್ನೆ: ಲೋವೆಲ್ಲಿನ ಗಿರಣಿ ಹುಡುಗಿಯರು ಸ್ವಂತ ಪತ್ರಿಕೆ ನಡೆಸುತ್ತಿದ್ದರು ಎಂದು ಓದಿದೆ. ಅಂದರೆ ಅಲ್ಲಿ ಕೆಲಸ ಅಷ್ಟು ಸುಖವಾಗಿತ್ತೇ?

ಉತ್ತರ: ಪತ್ರಿಕೆ ಇದ್ದಿದ್ದು ನಿಜ. 'ಲೋವೆಲ್ ಆಫರಿಂಗ್', 1840ರಿಂದ 1845ರವರೆಗೆ. ಸುಖದ ಮಾತು ಬೇರೆ. ಹಳ್ಳಿಯ ರೈತರ ಹೆಣ್ಣುಮಕ್ಕಳು ಬಂದು ಕಂಪನಿಯ ವಸತಿಮನೆಗಳಲ್ಲಿ ಇರುತ್ತಿದ್ದರು. ಕೈಗೆ ಸ್ವಂತ ದುಡ್ಡು ಬಂತು. ಆ ಕಾಲದ ಹೆಣ್ಣಿಗೆ ಅದು ಸಣ್ಣ ಮಾತಲ್ಲ. ಆದರೆ ವಾರಕ್ಕೆ ಸುಮಾರು 73 ಗಂಟೆ ಕೆಲಸ. ಏಳಲು ಗಂಟೆ ಬಾರಿಸುತ್ತಿದ್ದರು, ಉಣ್ಣಲೂ ಬಾರಿಸುತ್ತಿದ್ದರು, ರಾತ್ರಿ ಹತ್ತಕ್ಕೆ ವಸತಿಮನೆಯ ಬಾಗಿಲು ಬಂದ್. ತೇವ ಕಡಿಮೆಯಾದರೆ ನೂಲು ಹರಿಯುತ್ತದೆ ಅಂತ ಕಿಟಕಿಗಳನ್ನೂ ಮುಚ್ಚುತ್ತಿದ್ದರು. ಹತ್ತಿಯ ದೂಳೆಲ್ಲ ಎದೆಗೆ.

ಲಾಳಿಯ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆ ಖಾಲಿಯಾದಾಗಲೆಲ್ಲ ಹೊಸದು ಹಾಕಿ, ಲಾಳಿಯ ತೂತಿಗೆ ಬಾಯಿಟ್ಟು ಉಸಿರೆಳೆದು ನೂಲನ್ನು ಹೊರಗೆ ತರಬೇಕಿತ್ತು. ಒಂದೇ ಲಾಳಿಗೆ ಹಲವರ ಬಾಯಿ. ಅದಕ್ಕೆ 'ಸಾವಿನ ಮುತ್ತು' ಅಂತ ಹೆಸರೇ ಬಿತ್ತು. ಹಳಬರು ಹಾಗೆ ಎಳೆಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಹುಡುಗಿಯರು ಸುಮ್ಮನೆ ಕೂರಲಿಲ್ಲ. 1834ರಲ್ಲಿ ಕೂಲಿ ಇಳಿಸಿದಾಗ ಬೀದಿಗಿಳಿದರು. 1836ರಲ್ಲಿ ವಸತಿಯ ಬಾಡಿಗೆ ಏರಿಸಿದಾಗ ಮತ್ತೆ ಇಳಿದರು. ಆಮೇಲೆ ಸಾರಾ ಬ್ಯಾಗ್ಲಿ ಎಂಬಾಕೆಯ ಮುಂದಾಳತ್ವದಲ್ಲಿ ದಿನಕ್ಕೆ ಹತ್ತೇ ಗಂಟೆ ಕೆಲಸ ಎಂದು ಸಹಿ ಸಂಗ್ರಹಿಸಿದರು. ಲೋವೆಲ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹೆಂಗಸರಿಗೆ ಆ ಕಾಯಿದೆ ಬಂದಿದ್ದು 1874ರಲ್ಲಿ. ಸಹಿ ಹಾಕಿದ ಹುಡುಗಿಯರಿಗೆ ಅಷ್ಟರಲ್ಲಿ ಮೊಮ್ಮಕ್ಕಳಾಗಿರಬೇಕು.

ಇನ್ನೊಂದು ಮಾತು. ಅವರು ನೂತ ಹತ್ತಿ ಬರುತ್ತಿದ್ದುದು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ದುಡಿಯುತ್ತಿದ್ದ ಹೊಲಗಳಿಂದ. ನೇಯ್ದ ಒರಟು ಬಟ್ಟೆಯಲ್ಲಿ ಒಂದಷ್ಟು ಅದೇ ಗುಲಾಮರ ಮೈಗೆ ಹೋಗುತ್ತಿತ್ತು. ಅದಕ್ಕೆ 'ಲೋವೆಲ್ ಬಟ್ಟೆ' ಅಂತಲೇ ಹೆಸರು. ಮ್ಯೂಸಿಯಂನಲ್ಲಿ ಹತ್ತಿಯ ಮೂಟೆ ಕಂಡಾಗ ಇದು ನೆನಪಿರಲಿ.

ಪ್ರಶ್ನೆ: ಅಲ್ಲಿ ಈಗಲೂ ಬಟ್ಟೆ ಕೊಳ್ಳಲು ಸಿಗುತ್ತದೆಯೇ?

ಉತ್ತರ: ಸೀರೆ ಸಿಗುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ! ಆ ಮಗ್ಗಗಳಲ್ಲೇ ನೇಯ್ದ ಪಾತ್ರೆ ಒರೆಸುವ ಬಟ್ಟೆಯನ್ನು ಮ್ಯೂಸಿಯಂ ಅಂಗಡಿಯಲ್ಲಿ ಮಾರುತ್ತಾರೆ. ನಾನು ಎರಡು ತಂದೆ. ಅಂಚು ಬಿಡಿಸಿ ಇಂಚಿಗೆ ಎಷ್ಟು ಎಳೆ ಅಂತ ಎಣಿಸುತ್ತ ಕೂತಿದ್ದೆ. ನಮ್ಮ ಮನೆಯವರು ಬಂದು, ಒಂದನ್ನು ಕಿತ್ತುಕೊಂಡು ಮಿಕ್ಸಿಗೆ ಹೊದಿಸಿದರು.