20 ವರ್ಷದ ಮೇಲೆ ಬಂದ ಗಂಡ

ಪ್ರಶ್ನೆ: ಗ್ರೀಕರ ‘ಒಡಿಸ್ಸಿ’ ಮಹಾಕಾವ್ಯದಲ್ಲಿ ನಾಯಕ ಒಡಿಸ್ಸಿಯಸ್ 20 ವರ್ಷದ ಮೇಲೆ ಮನೆಗೆ ಬಂದರೂ ಹೆಂಡತಿ ಪೆನೆಲೊಪೆ ಸುಲಭವಾಗಿ ನಂಬುವುದಿಲ್ಲ. ಇದು ಜಾಸ್ತಿ ಆಯ್ತು ಅಲ್ವಾ?
– ಓದುಗರೊಬ್ಬರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ಜಾಸ್ತಿ ಏನಿಲ್ಲ ಬಿಡಿ. ಮನೆಯಲ್ಲಿ 108 ಜನ ‘ನನ್ನನ್ನೇ ಮದುವೆಯಾಗು’ ಅಂತ ಕೂತು ಉಣ್ಣುತ್ತಿದ್ದರು, ಅದರ ಮೇಲೆ ‘ನಿನ್ನ ಗಂಡನ ಸುದ್ದಿ ಗೊತ್ತು’ ಅಂತ ಸುಳ್ಳು ಹೇಳಿ ಊಟ, ಬಟ್ಟೆ ಗಿಟ್ಟಿಸುವ ಅಲೆಮಾರಿಗಳು ಬೇರೆ. ಒಡಿಸ್ಸಿಯಸ್ ಕೂಡ ಭಿಕ್ಷುಕನ ವೇಷದಲ್ಲೇ ಬಂದ. ದಾದಿ ಯೂರಿಕ್ಲಿಯಾ ಕಾಲು ತೊಳೆಯುವಾಗ ಕಾಡುಹಂದಿ ತಿವಿದ ಹಳೇ ಕಲೆ ನೋಡಿ ಗುರುತು ಹಿಡಿದಳು. ಹೆಂಡತಿಗೆ ಅದು ಸಾಲಲಿಲ್ಲ. ಮಂಚ ಎತ್ತಿ ಹೊರಗೆ ಹಾಕಿ ಅಂದಳು, ಸುಮ್ನೆ ಅವನನ್ನು ಪರೀಕ್ಷಿಸಲು. ಅವನಿಗೆ ಸಿಟ್ಟು ನೆತ್ತಿಗೇರಿತು. ಬೇರು ಬಿಟ್ಟ ಆಲಿವ್ ಮರದ ಬುಡವನ್ನೇ ಕಾಲು ಮಾಡಿ ನಾನೇ ಕಟ್ಟಿದ ಮಂಚ, ಅದನ್ನು ಯಾರು ಕದಲಿಸಿದರು ಅಂತ ಕೇಳಿದ. ಆ ಗುಟ್ಟು ಹೊರಗಿನವರಿಗೆ ಗೊತ್ತಿರಲಿಲ್ಲ, ಆಗ ನಂಬಿದಳು.

ನಿಮ್ಮದು ಮಾವಿನ ಸೀಮೆ, ಅದಕ್ಕೇ ತೋಟದ ಮಾತೂ ಹೇಳುತ್ತೇನೆ. ಅಪ್ಪ ಲಯರ್ಟೆಸ್ ಗುರುತು ಕೇಳಿದಾಗ ಮಗ ಕಲೆ ತೋರಿಸಿದ್ದಲ್ಲದೆ, ಚಿಕ್ಕಂದಿನಲ್ಲಿ ಅಪ್ಪ ಕೊಟ್ಟ ಮರಗಳನ್ನು ಎಣಿಸಿ ಹೇಳಿದ: 13 ಪೇರ್, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಆದರೆ ಕೊರಗಿ ಸೊರಗಿದ ಅಪ್ಪನಿಗೆ ಮೊದಲು ಸುಳ್ಳು ಹೆಸರು ಹೇಳಿ ಅಳಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ.