ಸೋಫಾ ಆಮೇಲೆ ಕೊಳ್ಳಿ, ಮೊದಲು ನೆಲ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಕಲಬುರಗಿಯಲ್ಲಿ 30-40 ಸೈಟಿನಲ್ಲಿ ಎರಡು ಬೆಡ್‌ರೂಮಿನ ಮನೆ ಕಟ್ಟಿಸುತ್ತಿದ್ದೀರಿ. ಗಿಲಾವು ಮುಗಿದಿದೆ, ನೆಲ ಇನ್ನೂ ಹಾಕಿಸಿಲ್ಲ. ಶಹಾಬಾದ್ ಕಲ್ಲು ಹಾಕಿಸಬೇಕಾ, ವಿಟ್ರಿಫೈಡ್ ಟೈಲ್ಸಾ ಎಂದು ಗೊಂದಲ. ಎರಡು ಸಣ್ಣ ಮಕ್ಕಳು, ಮೊಣಕಾಲು ನೋವಿರುವ ಅತ್ತೆ. ಒಳಗಿನ ಅಲಂಕಾರಕ್ಕೆ 2 ಲಕ್ಷ ಇಟ್ಟುಕೊಂಡಿದ್ದೀರಿ. ಇಂಟೀರಿಯರ್ ಮಾಡುವವರು ಫಾಲ್ಸ್ ಸೀಲಿಂಗ್, ದೊಡ್ಡ ಟಿವಿ ಯೂನಿಟ್, ಹೊಳೆಯುವ ಲ್ಯಾಮಿನೇಟ್ ಎಲ್ಲ ಸೇರಿಸಿ 7 ಲಕ್ಷದ ಲೆಕ್ಕ ಕೊಟ್ಟಿದ್ದಾರೆ. ಮನೆ ಚಂದ ಕಾಣಬೇಕು, ಮನೆಮಂದಿಗೆ ಆರಾಮವೂ ಇರಬೇಕು, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಇದೇ ಊರಿನವಳು. ನಮ್ಮ ಮನೆಯಲ್ಲೂ ಅತ್ತೆ, ಇಬ್ಬರು ಮಕ್ಕಳು. ಮನೆ ಹೊಸದಾಗಿದ್ದಾಗ ನಾವು ಮೊದಲು ಕೊಂಡಿದ್ದು ಎಲ್ ಆಕಾರದ ರೆಕ್ಸಿನ್ ಸೋಫಾ. ಹಾಲಿನ ಅರ್ಧ ಜಾಗ ಅದಕ್ಕೇ ಹೋಯಿತು. ಜನವರಿಯಲ್ಲಿ ಬಂದ ಸೋಫಾದ ಮೇಲೆ ಏಪ್ರಿಲ್ ಹೊತ್ತಿಗೆ ಯಾರೂ ಕೂರುತ್ತಿರಲಿಲ್ಲ. "ಇದರ ಮ್ಯಾಲ ಕುಂತ್ರ ಸೀರಿ ಮೈಗೆ ಅಂಟ್ಕೋತದವ್ವ" ಅಂದರು ಅತ್ತೆ. ಅವರು ಹೋಗಿ ಅಡುಗೆಮನೆ ಬಾಗಿಲ ಹತ್ತಿರ ಕಲ್ಲಿನ ನೆಲದ ಮೇಲೆ ಕೂತರು. ಮಕ್ಕಳು ಅವರ ಪಕ್ಕ ಬರಿಮೈಯಲ್ಲಿ ಮಲಗಿದರು. ನಾನು ಸೋಸಲು ಸೊಪ್ಪು ತಂದು ಅಲ್ಲೇ ಕೂತೆ. ಸಂಜೆ ಯಜಮಾನರು ಬಂದವರೇ ಚಹಾ ಹಿಡಿದು ಅಲ್ಲೇ ಗೋಡೆಗೆ ಒರಗಿದರು. ಐದು ಜನ ನೆಲದ ಮೇಲೆ, ಸೋಫಾ ಖಾಲಿ. ಎರಡು ಬೇಸಿಗೆ ಹೀಗೇ ಕಳೆದ ಮೇಲೆ ಅದನ್ನು ಮಾರಿದೆವು.

ಅದಕ್ಕೇ ಹೇಳುತ್ತೇನೆ. ನಮ್ಮ ಕಡೆ ಮನೆ ಅಂದರೆ ನೆಲ. ನೆಲದ ಮೇಲೆ ಉಣ್ಣುತ್ತೇವೆ, ಓದುತ್ತೇವೆ, ಮಲಗುತ್ತೇವೆ, ಬಂದವರಿಗೆ ಜಮಖಾನ ಹಾಸುತ್ತೇವೆ. ಫೋಟೋಗಳಲ್ಲಿ ನೋಡುವ ಮನೆಗಳೆಲ್ಲ ಕುರ್ಚಿಯಲ್ಲಿ ಕೂರುವವರ ಮನೆಗಳು. ಅದನ್ನು ಹಾಗೇ ತಂದಿಟ್ಟರೆ ಚಂದವೂ ಕಾಣುವುದಿಲ್ಲ, ಆರಾಮವೂ ಇರುವುದಿಲ್ಲ. ನೆಲದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ನೀವು ಇನ್ನೂ ನೆಲ ಹಾಕಿಸಿಲ್ಲ, ಅದೇ ದೊಡ್ಡ ಅನುಕೂಲ.

ಹಾಲು, ಪಡಸಾಲೆ, ಅಡುಗೆಮನೆಗೆ ಶಹಾಬಾದ್ ಕಲ್ಲೇ ಹಾಕಿಸಿ. ನಮ್ಮ ಜಿಲ್ಲೆಯದೇ ಕಲ್ಲು, ಹಾಗಾಗಿ ಸಾಗಣೆ ಖರ್ಚು ಕಡಿಮೆ. ಏಪ್ರಿಲ್-ಮೇನಲ್ಲಿ ಇಲ್ಲಿ 42-43 ಡಿಗ್ರಿ ಬಿಸಿಲು ಮಾಮೂಲಿ. ಆಗ ನೆಲಮಹಡಿಯಲ್ಲಿ ಈ ಕಲ್ಲಿನ ಮೇಲೆ ಕಾಲಿಟ್ಟರೆ ತಂಪು. ಕೆಳಗಿನ ಮಣ್ಣು ಗಾಳಿಯಷ್ಟು ಕಾದಿರುವುದಿಲ್ಲ, ಕಲ್ಲು ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಮೇಲಿನ ಮಹಡಿಯಲ್ಲಿ ಇಷ್ಟು ತಂಪು ಸಿಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಈ ಕಲ್ಲು ಕೊಳ್ಳುವಾಗ ಹುಷಾರಾಗಿರಬೇಕು. ಇದು ಪದರ ಪದರವಾಗಿ ಏಳುವ ಕಲ್ಲು. ಕೆಲವು ಚಪ್ಪಡಿ ಒಂದೆರಡು ವರ್ಷಕ್ಕೆ ಮೇಲಿನ ಸಿಪ್ಪೆ ಬಿಡುತ್ತವೆ. ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿ, ಟಣ್ ಅನ್ನಬೇಕು. ಟೊಳ್ಳು ಸದ್ದು ಬಂದದ್ದನ್ನು ಪಕ್ಕಕ್ಕಿಡಿ. ಬಣ್ಣವೂ ಒಂದೇ ಇರುವುದಿಲ್ಲ. ನೀಲಿ ಬೂದಿ, ಹಳದಿ ಛಾಯೆ, ಸ್ವಲ್ಪ ಕೆಂಪು ಹೀಗೆ ಬರುತ್ತವೆ. ಹಾಕುವ ಮೊದಲು ಅಂಗಳದಲ್ಲಿ ಹರಡಿ, ಹೊಂದುವವನ್ನು ಒಂದು ಕೋಣೆಗೆ ಎತ್ತಿಡಿ. ನಮ್ಮ ಮನೆಯಲ್ಲಿ ನಾನೇ ನಿಂತು ಆರಿಸಿದೆ. ಅರ್ಧ ದಿನದ ಕೆಲಸ, ಇವತ್ತಿಗೂ ಆ ನೆಲ ನೋಡಿದರೆ ಖುಷಿಯಾಗುತ್ತದೆ.

ಪಾಲಿಶ್ ಹೊಡೆಸುವಾಗ ಕನ್ನಡಿಯ ಹಾಗೆ ಮಿಂಚಲಿ ಅನ್ನಬೇಡಿ. ನೀರು ಬಿದ್ದರೆ ಜಾರುತ್ತದೆ, ನಿಮ್ಮ ಅತ್ತೆಗೆ ಅದು ಅಪಾಯ. ನುಣುಪಾದರೆ ಸಾಕು. ಗೋಡೆಗೆ ಕೊನೆಯ ಬಣ್ಣ ಬಳಿಯುವ ಮೊದಲೇ ಈ ಕೆಲಸ ಮುಗಿಸಿ, ಯಾಕೆಂದರೆ ಮಷೀನು ತಿರುಗಿದಾಗ ಬೂದು ಕೆಸರು ಗೋಡೆಗೆಲ್ಲ ಹಾರುತ್ತದೆ. ಇನ್ನೊಂದು ಮುಖ್ಯ ವಿಷಯ. ಇದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೂ ಈ ಸುಣ್ಣದ ಕಲ್ಲಿಗಾಗಿಯೇ. ಹುಳಿ ತಾಗಿದರೆ ಸುಣ್ಣ ಕರಗುತ್ತದೆ. ನಿಂಬೆ ರಸ, ಹುಣಸೆ ನೀರು ಬಿದ್ದ ಜಾಗ ಬಿಳಿಚಿಕೊಳ್ಳುತ್ತದೆ. ಆಸಿಡ್ ಹಾಕಿ ಮಾತ್ರ ಎಂದೂ ತೊಳೆಯಬೇಡಿ. ಬರೀ ನೀರಲ್ಲಿ ಒರೆಸಿದರೆ ಸಾಕು. ಬಚ್ಚಲಿಗೆ ಈ ಕಲ್ಲು ಬೇಡ, ಒರಟು ಮೈಯ ಟೈಲ್ಸ್ ಹಾಕಿಸಿ, ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲ್ ಹಿಡಿಕೆಯನ್ನೂ ಈಗಲೇ ಕೂರಿಸಿ.

ಈಗ ಬಿಸಿಲಿನ ಮಾತು. ಫಾಲ್ಸ್ ಸೀಲಿಂಗ್ ಬಿಟ್ಟುಬಿಡಿ. ಅದು ತಾರಸಿಯ ಬಿಸಿಯನ್ನು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ಹತ್ತಡಿ ಎತ್ತರದ ಕೋಣೆ ಒಂಬತ್ತಡಿ ಆಗಿ ಕುಗ್ಗುತ್ತದೆ, ಫ್ಯಾನು ತಲೆಯ ಹತ್ತಿರ ಬರುತ್ತದೆ, ಮೇಲಿನ ಸಂದಿಯಲ್ಲಿ ಹಲ್ಲಿ, ದೂಳು. ಪ್ರತಿ ವರ್ಷ ಮಾರ್ಚ್‌ನಲ್ಲಿ ತಾರಸಿಗೆ ಬಿಳಿ ಸುಣ್ಣ ಎರಡು ಸಲ ಬಳಿಸಿ. ಬಿಸಿಲು ವಾಪಸ್ ಹೋಗುತ್ತದೆ, ಖರ್ಚು ಅದರ ಮುಂದೆ ಏನೂ ಅಲ್ಲ. ಪಶ್ಚಿಮದ ಕಿಟಕಿಗೆ ಒಳಗಡೆ ಎಷ್ಟೇ ದಪ್ಪ ಪರದೆ ಹಾಕಿದರೂ ಪೂರ್ತಿ ಪ್ರಯೋಜನವಿಲ್ಲ, ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಬಂದಿರುತ್ತದೆ. ಹೊರಗಡೆ ಬಿದಿರಿನ ಚಿಕ್, ಅಂದರೆ ಕಡ್ಡಿ ಪರದೆ, ಇಳಿಬಿಡಿ. ಮಧ್ಯಾಹ್ನ ಅದರ ಸಂದಿಯಿಂದ ಬೀಳುವ ಗೆರೆ ಗೆರೆ ಬೆಳಕು ನೆಲದ ಮೇಲೆ ಎಷ್ಟು ಚಂದ ಕಾಣುತ್ತದೆ ಗೊತ್ತಾ!

ಕೂಲರ್ ಎಲ್ಲಿ ಇಡುತ್ತೀರಿ ಅನ್ನುವುದನ್ನು ಈಗಲೇ ತೀರ್ಮಾನಿಸಿ. ಇಲ್ಲಿನ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹೊರಗಿನ ಗಾಳಿ ಎಳೆಯಬೇಕು, ಎದುರಿನ ಕಿಟಕಿ ತೆರೆದಿರಬೇಕು. ಎಷ್ಟೋ ಮನೆಯಲ್ಲಿ ಎಲ್ಲ ಸಾಮಾನು ಜೋಡಿಸಿ ಆದಮೇಲೆ ಕೂಲರ್‌ಗೆ ಜಾಗ ಹುಡುಕುತ್ತಾರೆ. ಕೊನೆಗೆ ಅದು ಹಾಲಿನ ನಡುವೆ ನಿಲ್ಲುತ್ತದೆ, ವೈರ್ ಕಾಲಿಗೆ ಸಿಗುತ್ತದೆ. ಒಂದು ಕಿಟಕಿಯ ಹೊರಗೆ ಅದಕ್ಕೆ ಕಟ್ಟೆ, ಪಕ್ಕದಲ್ಲಿ ಪ್ಲಗ್ಗು, ನೀರಿನ ನಳ ಮಾಡಿಸಿ.

ಗೋಡೆಗೆ ತೆಳು ಬಿಳಿ ಅಥವಾ ಕೆನೆ ಬಣ್ಣ ಸಾಕು. ಕೋಟೆಯೊಳಗಿನ ಜಾಮಾ ಮಸೀದಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. 1367ರಲ್ಲಿ ಕಟ್ಟಿದ್ದು. ನಡುವೆ ಬಯಲಂಗಳ ಇಲ್ಲ, ಇಡೀ ಮಸೀದಿಯ ಮೇಲೆ ಗುಮ್ಮಟಗಳ ಮುಚ್ಚಿಗೆ. ಒಳಗೆ ಬಿಳಿ ಕಮಾನುಗಳ ಸಾಲು, ಪಕ್ಕದಿಂದ ಬರುವ ಬೆಳಕು, ಅಷ್ಟೇ. ನಾನು ಅಲ್ಲಿಂದ ಬಂದ ವಾರವೇ ನಮ್ಮ ಹಾಲಿನ ಕಿತ್ತಳೆ ಬಣ್ಣದ ಗೋಡೆಗೆ ಬಿಳಿ ಬಳಿಸಿದೆ. ಬೂದು ಕಲ್ಲಿನ ನೆಲಕ್ಕೂ ಬಿಳಿಯೇ ಹೊಂದುತ್ತದೆ, ಕಡು ಬಣ್ಣ ಹಾಕಿದರೆ ಕೋಣೆ ಕತ್ತಲಾಗುತ್ತದೆ. ನೆಲದಿಂದ ಮೂರೂವರೆ ಅಡಿ ತನಕ ಮಾತ್ರ ಆಯಿಲ್ ಪೇಂಟ್ ಹೊಡೆಸಿ. ಹಳೆಯ ಮನೆಗಳಲ್ಲಿ ಇರುತ್ತಿತ್ತಲ್ಲ, ಹಾಗೆ. ಮಕ್ಕಳ ಕೈ, ಒರಗುವವರ ತಲೆ ಎಣ್ಣೆ, ಎಲ್ಲ ಆ ಎತ್ತರದಲ್ಲೇ ತಾಗುವುದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ವಾಲ್‌ಪೇಪರ್, ದುಬಾರಿ ಟೆಕ್ಸ್‌ಚರ್ ಪೇಂಟ್ ಈ ವರ್ಷ ಬೇಡವೇ ಬೇಡ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಹೊಸ ಗೋಡೆಗೆ ಕೂದಲೆಳೆಯಂಥ ಬಿರುಕು ಬರಬಹುದು. ಒಂದು ಮಳೆಗಾಲ, ಒಂದು ಬೇಸಿಗೆ ದಾಟಲಿ. ಆಮೇಲೆ ಬಿರುಕು ತುಂಬಿಸಿ ಒಳ್ಳೆಯ ಬಣ್ಣ ಬಳಿಸಿ.

ಕೂರುವ ವ್ಯವಸ್ಥೆಗೆ ಬರೋಣ. ಹಾಲಿನ ಎರಡು ಗೋಡೆಯುದ್ದಕ್ಕೂ ಹತ್ತಿಯ ಗಾದಿ ಹಾಕಿ, ಒರಗಲು ಲೋಡು ಇಡಿ. ಹಳೆಯ ಗಾದಿ ಇದ್ದರೆ ಹತ್ತಿ ಹಿಂಜಿಸಿ ಮತ್ತೆ ತುಂಬಿಸಬಹುದು. ಹೊದಿಕೆ ದಪ್ಪ ಹತ್ತಿ ಬಟ್ಟೆಯದು, ಜಿಪ್ ಇರುವಂಥದ್ದು, ಎರಡೆರಡು ಜೊತೆ. ಒಂದು ಒಗೆಯಲು ಹೋದಾಗ ಇನ್ನೊಂದು ಇರಬೇಕಲ್ವಾ. ಲೋಡಿನ ಎರಡು ತುದಿಗೆ ಗುಳೇದಗುಡ್ಡದ ಖಣದ ಬಟ್ಟೆ ಹೊಲಿಸಿ. ಖಣದ ಕೆಂಪು, ಹಸಿರು ಬೂದು ನೆಲದ ಮೇಲೆ ಎದ್ದು ಕಾಣುತ್ತವೆ. ಲಂಬಾಣಿ ಕಸೂತಿಯ ದಿಂಬಿನ ಚೀಲ ನನಗೆ ಬಹಳ ಇಷ್ಟ, ಆದರೆ ಅದರ ಕನ್ನಡಿ ಮಲಗಿದ ಮಗುವಿನ ಕೆನ್ನೆಗೆ ಗೀರುತ್ತದೆ. ನಾನು ಅದನ್ನು ಗೋಡೆಗೆ ತೂಗುಹಾಕಿದ್ದೇನೆ.

ನಿಮ್ಮ ಅತ್ತೆ ಮಾತ್ರ ನೆಲದ ಮೇಲೆ ಕೂರಲಾರರು. ಅವರಿಗೆ ಅದೇ ಹಾಲಿನಲ್ಲಿ, ಎಲ್ಲರ ನಡುವೆ, 18 ಇಂಚು ಎತ್ತರದ ದಿವಾನ ಮಾಡಿಸಿ. ಗಾದಿ ಸೇರಿ 18 ಇಂಚು, ಗಟ್ಟಿಯಾಗಿರಬೇಕು. ಕುಸಿಯುವ ಗಾದಿಯಿಂದ ಏಳಲು ಮೊಣಕಾಲು ಕೇಳುವುದಿಲ್ಲ. ಒಂದು ಬದಿಗೆ ಕೈ ಊರಲು ಕಟ್ಟಿಗೆಯ ಆಸರೆ ಇರಲಿ. ಕೆಳಗೆ ಎರಡು ಡ್ರಾಯರ್ ಮಾಡಿಸಿದರೆ ಮಕ್ಕಳ ಆಟಿಕೆಗೆ ಜಾಗವಾಯಿತು. ದಿವಾನದಿಂದ ಅಡುಗೆಮನೆಯೂ ಕಾಣಬೇಕು, ಬಾಗಿಲೂ ಕಾಣಬೇಕು. ಯಾರು ಬಂದರು, ಏನು ಕುದಿಯುತ್ತಿದೆ ಎಂದು ಗೊತ್ತಾಗುವ ಜಾಗದಲ್ಲಿ ಹಿರಿಯರು ಖುಷಿಯಾಗಿರುತ್ತಾರೆ.

ಕೆಳಗೆ ಕೂರುವ ಮನೆಯಲ್ಲಿ ಉಳಿದದ್ದೆಲ್ಲ ಕೆಳಗಿಳಿಯಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಚಿತ್ರಪಟವನ್ನು ಸಾಮಾನ್ಯವಾಗಿ ನಿಂತವರ ಕಣ್ಣಿನ ಮಟ್ಟಕ್ಕೆ, ಸುಮಾರು ಐದಡಿಗೆ ಹಾಕುತ್ತಾರೆ. ಗಾದಿಯ ಮೇಲಿಂದ ನೋಡಿದರೆ ಅದು ಎಲ್ಲೋ ಆಕಾಶದಲ್ಲಿ. ಕೂತ ಜಾಗದ ಎದುರಿನ ಗೋಡೆಯಲ್ಲಿ ಮೂರೂವರೆ ಅಡಿಗೆ ಇಳಿಸಿ ನೋಡಿ, ಕೋಣೆಯೇ ಬದಲಾದ ಹಾಗಾಗುತ್ತದೆ. ಟಿವಿಯೂ ಅಷ್ಟೇ, ಕೆಳಗಿರಲಿ. ಮಕ್ಕಳ ಪುಸ್ತಕದ ಕಪಾಟು ಎರಡೂವರೆ ಅಡಿ ಎತ್ತರ ಸಾಕು, ಅವರೇ ತೆಗೆದು ಅವರೇ ಇಡುತ್ತಾರೆ. ಎತ್ತರವಾದದ್ದು ಯಾವುದೇ ಇದ್ದರೂ ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ, ಮಕ್ಕಳು ಹತ್ತುತ್ತಾರೆ. ದೀಪವೂ ಕೆಳಗೆ ಬರಲಿ. ಓದಲು ಟ್ಯೂಬ್‌ಲೈಟ್ ಬೇಕು, ಇರಲಿ. ಅದರ ಜೊತೆ ಗೋಡೆಯಲ್ಲಿ ನಾಲ್ಕಡಿ ಎತ್ತರಕ್ಕೆ ಎರಡು ಹಳದಿ ಬೆಳಕಿನ ಬಲ್ಬ್ ಹಾಕಿಸಿ. ಡಬ್ಬಿಯ ಮೇಲೆ 3000 ಕೆ ಎಂದಿರುವುದನ್ನು ಕೇಳಿ, 6500 ಕೆ ಬೇಡ. ಊಟದ ಹೊತ್ತಿಗೆ ಟ್ಯೂಬ್ ಆರಿಸಿ ಇವನ್ನು ಹಚ್ಚಿದರೆ ಹಳೆಯ ವಾಡೆಯ ಗೂಡಿನಲ್ಲಿ ದೀಪ ಇಟ್ಟ ಹಾಗೆ ಕಾಣುತ್ತದೆ.

ಅಡುಗೆಮನೆಯಲ್ಲಿ ಒಂದೇ ಮಾತು. ಜೋಳದ ರೊಟ್ಟಿ ಯಾರು, ಎಲ್ಲಿ ಬಡಿಯುತ್ತಾರೆ ಎಂದು ಕೇಳಿಕೊಂಡು ಕಟ್ಟೆ ಮಾಡಿಸಿ. ರೊಟ್ಟಿ ಬಡಿಯಲು ತೋಳಿನ ಬಲ ಮೇಲಿನಿಂದ ಬೀಳಬೇಕು. ಮಾಮೂಲಿ ಕಟ್ಟೆ ಎತ್ತರವಾಗಿ ನನ್ನ ಭುಜ ನೋಯುತ್ತಿತ್ತು. ಒಂದು ಮೂಲೆಯನ್ನು ನಾಲ್ಕು ಇಂಚು ತಗ್ಗಿಸಿ, ಪರಾತ ಇಡುವಷ್ಟು ಅಗಲ ಮಾಡಿಸಿದ ಮೇಲೆ ನಿಂತೇ ಇಪ್ಪತ್ತು ರೊಟ್ಟಿ ಬಡಿಯುತ್ತೇನೆ.

ಹೊಳೆಯುವ ಕಡು ಬಣ್ಣದ ಲ್ಯಾಮಿನೇಟ್ ತೆಗೆದುಕೊಳ್ಳಬೇಡಿ. ನಮ್ಮೂರ ದೂಳು, ಮಕ್ಕಳ ಬೆರಳು, ಎರಡೂ ಅದರ ಮೇಲೆ ಎದ್ದು ಕಾಣುತ್ತವೆ.

ಇನ್ನು ಶೋಕೇಸ್. ಬೀದರ್ ಇಷ್ಟು ಹತ್ತಿರ ಇದೆ, ಬಿದರಿಯ ಒಂದು ಹೂಜಿ ಅಥವಾ ತಟ್ಟೆ ತನ್ನಿ. ಒಂದೇ ಸಾಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಷ್ಟು ಕೆಲಸ ಮಾಡಿದ ವಸ್ತುವನ್ನು ಪ್ಲಾಸ್ಟಿಕ್ ಹೂವು, ಟ್ರೋಫಿಗಳ ನಡುವೆ ತುರುಕಿದರೆ ನನಗೆ ಸಂಕಟವಾಗುತ್ತದೆ. ಬಿಳಿ ಗೋಡೆಯಲ್ಲಿ ಒಂದು ಗೂಡು ಬಿಡಿಸಿ, ಅದರಲ್ಲಿ ಒಂಟಿಯಾಗಿ ಇಡಿ. ಪಾತ್ರೆ ತಿಕ್ಕುವ ಪುಡಿ ಹಾಕಬೇಡಿ, ಕಪ್ಪು ಹೋಗುತ್ತದೆ. ಆಗಾಗ ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ.

ನಿಮ್ಮ 2 ಲಕ್ಷದಲ್ಲಿ ಹೆಚ್ಚಿನದು ದಿವಾನ, ಬಟ್ಟೆ ಕಪಾಟು, ಕೆಳಗಿನ ಶೆಲ್ಫುಗಳಿಗೆ ಹೋಗಲಿ. ಕಟ್ಟಿಗೆ ಕೆಲಸವನ್ನು ಬಡಿಗೇರರಿಗೆ ಮನೆಯಲ್ಲೇ ಅಳತೆ ಕೊಟ್ಟು ಮಾಡಿಸಿ. ಗಾದಿ, ಲೋಡು, ಚಿಕ್, ಬಲ್ಬ್ ಎಲ್ಲ ಸೇರಿದರೂ ಅದಕ್ಕಿಂತ ಬಹಳ ಕಡಿಮೆ. ಸೋಫಾ ಬೇಕೇ ಬೇಕು ಅನಿಸಿದರೆ ಒಂದು ಬೇಸಿಗೆ ಕಳೆದ ಮೇಲೆ ಯೋಚಿಸಿ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಅತ್ತೆಯ ಟ್ರಂಕಿನಲ್ಲಿ ಹಳೆಯ ಇಳಕಲ್ ಸೀರೆ, ಹತ್ತಿ ಸೀರೆ ಏನೇನಿವೆ ಕೇಳಿ. ಮನೆ ಬದಲಿಸುವಾಗ ಅವನ್ನು ಪಾತ್ರೆ ಮಾರುವವರಿಗೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುವ ರೂಢಿ ಇದೆಯಲ್ಲ, ಅದಕ್ಕೆ ಮೊದಲೇ ಕೇಳಿ. ಹಳ್ಳಿ ಕಡೆ ಕೌದಿ ಹೊಲಿಯುವ ಹೆಂಗಸರು ಇನ್ನೂ ಇದ್ದಾರೆ. ಆರೇಳು ಸೀರೆಗೆ ಒಂದು ದೊಡ್ಡ ಕೌದಿ ಆಗುತ್ತದೆ. ಅದನ್ನು ಗಾದಿಯ ಮುಂದೆ ಹಾಸಿ. ನಮ್ಮ ಕೌದಿಯ ನಡುವೆ ಅತ್ತೆಯ ಮದುವೆ ಸೀರೆಯ ಕೆಂಪು ಸೆರಗಿನ ತುಂಡಿದೆ. ನನ್ನ ಮಗಳು ದಿನಾ ಅದರ ಮೇಲೆಯೇ ಕೂತು ಹೋಮ್‌ವರ್ಕ್ ಮಾಡುತ್ತಾಳೆ.