ಗ್ರೇಟ್ ಓಷನ್ ರೋಡ್‌ಗೆ ಬ್ಯಾಕ್‌ಪ್ಯಾಕರ್ ಬಸ್ಸಲ್ಲಿ ಒಬ್ಳೇ ಹೋಗ್ಬಹುದಾ?

ಖಂಡಿತ ಹೋಗಿ. ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಗ್ರೇಟ್ ಓಷನ್ ರೋಡ್ ಅನ್ನೋ ಸಮುದ್ರದ ಪಕ್ಕದ ರಸ್ತೇಲಿ ಅಡಿಲೇಡ್‌ಗೆ ಮೂರು ದಿನದ ಬ್ಯಾಕ್‌ಪ್ಯಾಕರ್ ಬಸ್ಸು (ಕಮ್ಮಿ ಖರ್ಚಲ್ಲಿ ಸುತ್ತೋರ ಟೂರ್ ಬಸ್ಸು), ಜೊತೆಗೆ ಯಾರೂ ಇಲ್ಲ, ಗುರುತು ಪರಿಚಯ ಇಲ್ದಿರೋರ ಮಧ್ಯೆ ಹೇಗಿರೋದು, ಅದಕ್ಕಿಂತ ಬಾಡಿಗೆ ಕಾರ್ ತಗೊಳ್ಳೋದೇ ವಾಸಿನಾ ಅಂತ ಕೇಳಿದೀರ. ನಾನೂ ಈ ದಾರೀಲಿ ಒಬ್ಳೇ ಹೋಗಿ ಬಂದವಳು, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಕಾರ್ ಓಡಿಸೋಕೆ ತೊಂದ್ರೆ ಏನಿಲ್ಲ, ಅಲ್ಲೂ ಎಡಗಡೆನೇ ಓಡಿಸೋದು, ಇಂಗ್ಲಿಷ್‌ನಲ್ಲಿರೋ ಲೈಸೆನ್ಸ್ ಇದ್ರೆ ಪ್ರವಾಸಿಗಳು ಓಡಿಸಬಹುದು. ಆದ್ರೆ ಒಬ್ರೇ ಹೋಗೋದಾದ್ರೆ ನಾನು ಬೇಡ ಅಂತೀನಿ. ಲಾರ್ನ್ ದಾಟಿ ಅಪೊಲೊ ಬೇ ತನಕ ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಸಮುದ್ರ, ಮಧ್ಯೆ ಬರೀ ತಿರುವು, ಸ್ಟೀರಿಂಗ್ ಹಿಡಿದವರ ಕಣ್ಣು ರಸ್ತೆ ಬಿಟ್ಟು ಆಚೆ ಹೋಗೋ ಹಾಗಿಲ್ಲ, ಅಷ್ಟು ದೂರ ಹೋಗಿ ಸಮುದ್ರನೇ ನೋಡ್ಲಿಲ್ಲ ಅಂದ್ರೆ ಏನ್ ಬಂತು ಹೇಳಿ. ಬಸ್ಸಲ್ಲಿ ಎಡಗಡೆ ಕಿಟಕಿ ಹಿಡ್ಕೊಳ್ಳಿ, ಮೆಲ್ಬರ್ನ್ ಕಡೆಯಿಂದ ಹೊರಟ್ರೆ ಸಮುದ್ರ ಆ ಕಡೆಗೇ ಬರತ್ತೆ.

ಇನ್ನೊಂದು ಏನಂದ್ರೆ ಈ ಬಸ್ಸುಗಳಲ್ಲಿ ಡ್ರೈವರ್ರೇ ಗೈಡ್. ಈಸ್ಟರ್ನ್ ವ್ಯೂ ಹತ್ರ ಒಂದು ಮರದ ಕಮಾನು ಇದೆ, ಎಲ್ರೂ ಇಳಿದು ಫೋಟೋ ತೆಗೆಸ್ಕೊಂಡು ಹೋಗ್ತಾರೆ. ನಮ್ಮ ಡ್ರೈವರ್ ಅಲ್ಲಿ ನಿಲ್ಲಿಸಿ ಕಥೆ ಹೇಳಿದ್ರು, ಮೊದಲನೇ ಮಹಾಯುದ್ಧದಿಂದ ವಾಪಸ್ ಬಂದ ಸುಮಾರು 3000 ಸೈನಿಕರು 1919ರಿಂದ 1932ರ ತನಕ ಗುದ್ದಲಿ, ಸಲಿಕೆ, ಸಿಡಿಮದ್ದು ಹಿಡ್ಕೊಂಡು ಸತ್ತುಹೋದ ತಮ್ಮ ಜೊತೆಗಾರರ ನೆನಪಿಗೆ ಕಡಿದ ರಸ್ತೆ ಇದು, ಟಾರ್ಕಿಯಿಂದ ಅಲನ್ಸ್‌ಫೋರ್ಡ್ ತನಕ 240 ಕಿಲೋಮೀಟರ್ ಮೇಲಿದೆ, ಇಡೀ ರಸ್ತೆನೇ ಒಂದು ಸ್ಮಾರಕ. ಅದನ್ನ ಕೇಳಿದ ಮೇಲೆ ಪ್ರತಿ ತಿರುವಲ್ಲೂ ಬಂಡೆ ಕಡಿದಿರೋ ಜಾಗಕ್ಕೇ ಕಣ್ಣು ಹೋಗ್ತಿತ್ತು ನಂಗೆ.

ಈಗ ನಿಮ್ಮ ನಿಜವಾದ ಭಯ, ಅಪರಿಚಿತರು. ನೋಡಿ, ಸಣ್ಣ ಬಸ್ಸು, ಹೆಚ್ಚಂದ್ರೆ ಇಪ್ಪತ್ತು ಚಿಲ್ಲರೆ ಜನ, ನಮ್ಮ ಬಸ್ಸಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿಮ್ಮ ಹಾಗೇ ಒಬ್ಬೊಬ್ರೇ ಬಂದವರು. ಮೊದಲ ಸ್ವಲ್ಪ ಹೊತ್ತು ಎಲ್ರೂ ಇಯರ್‌ಫೋನ್ ಹಾಕ್ಕೊಂಡು ಕಿಟಕಿ ನೋಡ್ತಾ ಕೂತಿರ್ತಾರೆ, ಆಮೇಲೆ ಒಬ್ರು ಫೋಟೋ ತೆಗೆದುಕೊಡ್ತೀರಾ ಅಂತಾರೆ, ಅಲ್ಲಿಗೆ ಶುರು. ಆದ್ರೆ ಫ್ರೆಂಡ್ಸ್ ಆಗ್ತಾರೆ ಅನ್ನೋದು ಅಷ್ಟೇ ಅಲ್ಲ ನಾನು ಹೇಳ್ತಿರೋದು, ಒಬ್ಬೊಬ್ರಿಗೂ ಏನೋ ಒಂದು ಗೊತ್ತಿರತ್ತೆ, ಅವರ ಪಕ್ಕ ನಿಂತ್ರೆ ಜಾಗನೇ ಬೇರೆ ಥರ ಕಾಣತ್ತೆ. ಬೆಲ್ಸ್ ಬೀಚ್ ಇದೆಯಲ್ಲ, ಈಸ್ಟರ್ ಹೊತ್ತಿಗೆ ದೊಡ್ಡ ಸರ್ಫಿಂಗ್ ಸ್ಪರ್ಧೆ ನಡೆಯೋ ಜಾಗ, ನಂಗೆ ಅಲ್ಲಿ ಬರೀ ಅಲೆ ಕಾಣ್ತಿತ್ತು, ಬ್ರೆಜಿಲ್‌ನ ಒಬ್ಬ ಹುಡುಗ ಕೈ ತೋರಿಸಿ ಈ ಅಲೆ ಮುರಿಯತ್ತೆ, ಇದು ಬೇಡ, ಆ ಹಿಂದಿಂದು ನೋಡು ಅಂತ ಹೇಳ್ತಾ ಹೋದ, ಹೇಳಿದ್ದು ಹೇಳಿದ ಹಾಗೇ ಆಗ್ತಿತ್ತು.

ಲಾಕ್ ಆರ್ಡ್ ಗಾರ್ಜ್‌ನಲ್ಲಿ ಆಗಿದ್ದಂತೂ ಮರೆಯೋಕಾಗಲ್ಲ. 1878ರಲ್ಲಿ ಇಂಗ್ಲೆಂಡಿಂದ ಮೆಲ್ಬರ್ನ್‌ಗೆ ಬರ್ತಿದ್ದ ಲಾಕ್ ಆರ್ಡ್ ಅನ್ನೋ ಹಡಗು ಅಲ್ಲಿ ಬಂಡೆಗೆ ಬಡಿದು ಒಡೆದುಹೋಯ್ತು, 54 ಜನರಲ್ಲಿ ಉಳಿದಿದ್ದು ಇಬ್ರೇ, ಟಾಮ್ ಪಿಯರ್ಸ್ ಅನ್ನೋ ಹುಡುಗ ಮತ್ತೆ ಈವಾ ಕಾರ್ಮೈಕೇಲ್ ಅನ್ನೋ ಹುಡುಗಿ. ಅವನು ದಡ ಸೇರಿದ ಮೇಲೆ ಇವಳ ಕೂಗು ಕೇಳಿ ಮತ್ತೆ ನೀರಿಗಿಳಿದು ಎಳ್ಕೊಂಡು ಬಂದ, ಗುಹೆಯೊಳಗೆ ಮಲಗಿಸಿ, ದಡಕ್ಕೆ ತೇಲಿ ಬಂದಿದ್ದ ಬ್ರಾಂದಿ ಕುಡಿಸಿದ, ಆಮೇಲೆ ಕಡಿದಾದ ಗೋಡೆ ಹತ್ತಿ ಜನರನ್ನ ಕರ್ಕೊಂಡು ಬಂದ. ಇಷ್ಟು ಡ್ರೈವರ್ ಹೇಳಿದ್ರು. ಅಲ್ಲಿ ತನಕ ಬಾಯೇ ಬಿಡದಿದ್ದ ಒಬ್ರು ವಯಸ್ಸಾದ ಹೆಂಗಸು, ರಿಟೈರ್ಡ್ ನರ್ಸ್ ಅಂತೆ, ಅಷ್ಟು ತಣ್ಣಗಿನ ನೀರಲ್ಲಿ ಗಂಟೆಗಟ್ಟಲೆ ಇದ್ರೆ ಮೊದಲು ಕೈ ಬೆರಳು ಹಿಡಿತ ಕಳ್ಕೊಳತ್ತೆ, ಆಮೇಲೆ ತಲೆ ಓಡಲ್ಲ, ಬ್ರಾಂದಿಯಿಂದ ಬೆಚ್ಚಗಾದ ಹಾಗೆ ಅನ್ಸತ್ತೆ ಅಷ್ಟೇ, ಮೈ ಶಾಖ ಇನ್ನೂ ಬೇಗ ಹೋಗತ್ತೆ ಅಂತ ಮೆಲ್ಲಗೆ ವಿವರಿಸಿದ್ರು. ಆ ಇಬ್ರೂ ಹೇಗೆ ಬದುಕಿದ್ರು ಅಂತ ಅವತ್ತು ರಾತ್ರಿ ಊಟದ ತನಕ ನಮ್ಮಲ್ಲಿ ಅದೇ ಮಾತು. ಕಾರಲ್ಲಿ ಒಬ್ಳೇ ಹೋಗಿದ್ರೆ ನಾನು ಬೋರ್ಡ್ ಓದಿ ಮುಂದೆ ಹೋಗಿರ್ತಿದ್ದೆ.

ಮಾತು ಬೇಡ ಅನ್ಸಿದ್ರೂ ಪರವಾಗಿಲ್ಲ, ಸುಮ್ನೆ ಪುಸ್ತಕ ಹಿಡ್ಕೊಂಡು ಕೂರೋರೂ ಇರ್ತಾರೆ, ಯಾರೂ ತಪ್ಪು ತಿಳಿಯಲ್ಲ.

ಒಂದೇ ದಿನದಲ್ಲಿ ಹೋಗಿ ಬರೋ ಬಸ್ಸಿಗೆ ಮಾತ್ರ ದಯವಿಟ್ಟು ಹೋಗ್ಬೇಡಿ. ಆ ದೊಡ್ಡ ಬಸ್ಸುಗಳೆಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಟ್ವೆಲ್ವ್ ಅಪಾಸಲ್ಸ್ ಅನ್ನೋ, ಸಮುದ್ರದಲ್ಲಿ ನಿಂತಿರೋ ಬಂಡೆ ಕಂಬಗಳ ಹತ್ರ ಬಂದು ನಿಲ್ತವೆ, ನೂಕುನುಗ್ಗಲು. ಪೋರ್ಟ್ ಕ್ಯಾಂಪ್‌ಬೆಲ್ ಕಡೆ ರಾತ್ರಿ ಉಳಿಸೋ ಟೂರ್ ಆದ್ರೆ ಸಂಜೆ ಬೆಳಕಲ್ಲಿ ನೋಡ್ಬಹುದು, ಕತ್ತಲಾಗ್ತಾ ಪುಟ್ಟ ಪೆಂಗ್ವಿನ್‌ಗಳು ಕೆಳಗಿನ ಮರಳಿಗೆ ಬರೋದೂ ಮೇಲಿಂದ ಕಾಣತ್ತೆ ಕೆಲವು ಸಲ. ಹೆಸರಲ್ಲಿ ಹನ್ನೆರಡು ಇದ್ರೂ ಆ ಸುಣ್ಣಕಲ್ಲಿನ ಕಂಬಗಳು ಯಾವತ್ತೂ ಅಷ್ಟು ಇರ್ಲಿಲ್ಲ, 2005ರಲ್ಲಿ ಒಂದು ನಮ್ಮ ಕಾಲದಲ್ಲೇ ಕುಸಿದು ಈಗ ಎಂಟಿವೆ. ಪಕ್ಕದ ಲಂಡನ್ ಬ್ರಿಡ್ಜ್ ಅನ್ನೋ ಬಂಡೆ ಕಮಾನು 1990ರಲ್ಲಿ ಬಿದ್ದಾಗ ಇಬ್ರು ಆಚೆ ತುದೀಲಿ ಸಿಕ್ಕಾಕ್ಕೊಂಡು ಹೆಲಿಕಾಪ್ಟರ್‌ನಲ್ಲಿ ಕರೆದುತರಬೇಕಾಯ್ತು, ಅದಕ್ಕೇ ಬೇಲಿ ದಾಟಬೇಡಿ, ಫೋಟೋಗೋಸ್ಕರ ಅಂತೂ ಬೇಡವೇ ಬೇಡ.

ಊಟ, ಮಲಗೋದು: ವೆಜ್ ಅಂತ ಬುಕಿಂಗ್‌ನಲ್ಲೇ ಬರೀರಿ, ಹಾಸ್ಟೆಲ್‌ನಲ್ಲಿ ಕಾಮನ್ ಅಡುಗೆಮನೆ ಇರತ್ತೆ, ರಾತ್ರಿ ಎಲ್ರೂ ಸೇರಿ ಅಡುಗೆ ಮಾಡೋದೇ ಒಂದು ಖುಷಿ. ಹೆಂಗಸರಿಗೇ ಬೇರೆ ಡಾರ್ಮ್ ಇದೆಯಾ ಅಂತ ಮೊದಲೇ ಕೇಳಿ, ಕಿವಿಗೆ ಇಯರ್‌ಪ್ಲಗ್ ಇಟ್ಕೊಳ್ಳಿ.

ಆಗಸ್ಟ್ ಅಂದ್ರೆ ಅಲ್ಲಿ ಚಳಿಗಾಲ, ಆರು ಗಂಟೆಗೆಲ್ಲ ಕತ್ತಲು, ದಕ್ಷಿಣದಿಂದ ಬೀಸೋ ಗಾಳಿಗೆ ಸ್ವೆಟರ್ ಸಾಲಲ್ಲ, ಗಾಳಿ ಮಳೆ ಎರಡೂ ತಡೆಯೋ ಜಾಕೆಟ್ ಬೇಕು. ಆದ್ರೆ ಅದೇ ತಿಂಗಳುಗಳಲ್ಲಿ ವಾರ್ನಂಬೂಲ್‌ನ ಲೋಗನ್ಸ್ ಬೀಚ್‌ಗೆ ಸದರ್ನ್ ರೈಟ್ ತಿಮಿಂಗಿಲಗಳು ಮರಿ ಹಾಕೋಕೆ ಬರ್ತವೆ, ದಡದ ಮೇಲಿನ ಅಟ್ಟಣಿಗೆಯಿಂದಾನೇ ನೋಡ್ಬಹುದು. ಎಲ್ಲ ಟೂರ್‌ನವರೂ ಅಲ್ಲಿ ನಿಲ್ಲಿಸಲ್ಲ, ದುಡ್ಡು ಕಟ್ಟೋ ಮುಂಚೆ ಕೇಳ್ಕೊಳ್ಳಿ, ನಿಲ್ಲಿಸ್ತಾರೆ ಅಂದ್ರೆ ಒಂದು ಸಣ್ಣ ಬೈನಾಕ್ಯುಲರ್ ಬ್ಯಾಗಿಗೆ ಹಾಕ್ಕೊಳ್ಳಿ.